ಮನೆ ಹಿತ್ತಲಿನ ಸಸಿಮನೆ



‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಮಾತನ್ನು ನಾವು ಹೆಚ್ಚಾಗಿ ಮಕ್ಕಳ ವಿಚಾರಕ್ಕೆ ಬಳಸುತ್ತೇವೆ. ತರಕಾರಿ, ಹೂವಿನ ಬೆಳೆಗಳಿಗಂತೂ ಈ ಮಾತು ಅಕ್ಷರಶಃ ನಿಜ. ಸಸಿ ಸೊಗಸಾಗಿದ್ದರೆ ಬೆಳೆ ಅರ್ಧ ಕೈಗೆ ಬಂದಂತೆ. ಸಸಿಯಲ್ಲೇ ರೋಗ ಹೊಕ್ಕಿದರೆ ಆಮೇಲೆ ಎಷ್ಟು ಗೊಬ್ಬರ ಸುರಿದರೂ, ಎಷ್ಟು ಔಷಧಿ ಹೊಡೆದರೂ ಹೊಳೆಯಲ್ಲಿ ಹುಣಿಸೇಹಣ್ಣು ಕಿವುಚಿದ ಹಾಗೆ. ಆದಕಾರಣ, ಬೇಸಿಗೆಯ ತರಕಾರಿ ಮತ್ತು ಹೂವಿನ ಸಸಿಗಳನ್ನು ಮನೆಯ ಹಿತ್ತಲಿನಲ್ಲೇ ಒಂದು ಸಣ್ಣ ಸಸಿಮನೆ ಕಟ್ಟಿ ಬೆಳೆಸಿಕೊಳ್ಳುವ ಬಗೆಯನ್ನು ಈ ಹೊತ್ತು ತಮಗೆ ತಿಳಿಸುತ್ತೇನೆ.

‘ಅಯ್ಯೋ ಬಿಡಿ ಸ್ವಾಮಿ, ನಮ್ಮ ತಾತ ಬಾವಿ ಪಕ್ಕ ಒಂದು ಮಡಿ ಮಾಡಿ, ಬೀಜ ಚೆಲ್ಲಿ, ಮೇಲೊಂದು ಹಿಡಿ ಹುಲ್ಲು ಹೊದಿಸ್ತಿದ್ದ. ಪೈರು ಬರ್ತಿರಲಿಲ್ವೇ? ಅದಕ್ಕೂ ಒಂದು ಮನೆ ಯಾಕೆ?’ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಮೊದಲು ಉತ್ತರ ಹೇಳುತ್ತೇನೆ.

ಟೊಮೆಟೊ ಬೆಳೆಗೆ ಬರುವ ಎಲೆ ಮುಟುರು ನಂಜು ರೋಗವನ್ನು ತಾವೆಲ್ಲ ಕಂಡಿದ್ದೀರಿ. ಎಲೆ ಮುದುಡಿ ಸಣ್ಣದಾಗುತ್ತದೆ, ಅಂಚು ಹಳದಿಗೆ ತಿರುಗುತ್ತದೆ, ಗಿಡ ಗಿಡ್ಡವಾಗಿ ಪೊದೆ ಕಟ್ಟುತ್ತದೆ, ಹೂವು ನಿಲ್ಲುವುದಿಲ್ಲ. ಬೆಂಗಳೂರು, ಕೋಲಾರದ ಕಡೆ ಫೆಬ್ರವರಿಯಿಂದ ಮೇ ತಿಂಗಳವರೆಗಿನ ಬೆಳೆಯಲ್ಲಿ ಈ ರೋಗ ಕೆಲವು ಹೊಲಗಳಲ್ಲಿ ನೂರಕ್ಕೆ ನೂರು ಗಿಡಗಳಿಗೂ ತಗುಲಿದ್ದುಂಟು. ಇದನ್ನು ಗಿಡದಿಂದ ಗಿಡಕ್ಕೆ ಹೊತ್ತು ತರುವುದು ಬಿಳಿ ನೊಣ. ಸಾಸಿವೆ ಕಾಳಿಗಿಂತ ಸಣ್ಣದು. ಗಿಡ ಅಲುಗಿಸಿದರೆ ಹಿಟ್ಟು ಹಾರಿದಂತೆ ಹಾರುತ್ತದೆ. ಬಿಸಿಲು ಏರಿದಷ್ಟೂ ಇದರ ಸಂಖ್ಯೆ ಏರುತ್ತದೆ. ನಂಜು ಒಮ್ಮೆ ಗಿಡದೊಳಕ್ಕೆ ಹೋಯಿತೆಂದರೆ ಅದನ್ನು ವಾಸಿಮಾಡುವ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ. ಗಿಡ ಎಷ್ಟು ಎಳೆಯದಿದ್ದಾಗ ನಂಜು ತಗುಲುತ್ತದೆಯೋ ನಷ್ಟ ಅಷ್ಟು ಹೆಚ್ಚು. ಬಯಲಿನ ಮಡಿಯಲ್ಲೇ ತಗುಲಿತೆಂದರೆ ಆ ಗಿಡದಿಂದ ಬುಟ್ಟಿ ತುಂಬುವ ಆಸೆ ಬಿಡಬೇಕಾದ್ದೇ.

ಆದುದರಿಂದ ಸಸಿಮನೆಯ ಮೊದಲ ಕೆಲಸ ನೆರಳು ಕೊಡುವುದಲ್ಲ. ಮೊದಲ ಇಪ್ಪತ್ತೈದು ಮೂವತ್ತು ದಿನ ಬಿಳಿ ನೊಣವನ್ನು ಹೊರಗಿಡುವುದು. ಇಷ್ಟು ಮನಸ್ಸಿನಲ್ಲಿದ್ದರೆ ಮಿಕ್ಕದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಈಗ ಎಷ್ಟು ದೊಡ್ಡ ಮನೆ ಬೇಕು ಎಂಬ ಲೆಕ್ಕ ನೋಡೋಣ. ಟೊಮೆಟೊವನ್ನು ಸಾಲಿನಿಂದ ಸಾಲಿಗೆ 3 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಟ್ಟು ನೆಟ್ಟರೆ ಎಕರೆಗೆ ಸುಮಾರು 10,000 ಗಿಡ ಹಿಡಿಸುತ್ತವೆ. ಸಸಿ ಬೆಳೆಸಲು 98 ಗುಳಿಗಳ ಪ್ಲಾಸ್ಟಿಕ್ ಟ್ರೇ ಸಿಗುತ್ತದೆ. ಸತ್ತ ಸಸಿಗೆ ಬದಲು ನೆಡುವುದಕ್ಕೂ ಸೇರಿಸಿ ಎಕರೆಗೆ 110 ಟ್ರೇ ಇಟ್ಟುಕೊಳ್ಳಿ. ಇವನ್ನು ಹರಡಲು 10 ಅಡಿ ಅಗಲ, 25 ಅಡಿ ಉದ್ದದ ಜಾಗ ಸಾಕು; ನಡುವೆ ಓಡಾಡಲು ದಾರಿಯೂ ಉಳಿಯುತ್ತದೆ. ದನದ ಕೊಟ್ಟಿಗೆಗಿಂತ ದೊಡ್ಡದೇನೂ ಅಲ್ಲ.

ಕಂಬಕ್ಕೆ ಬಿದಿರು ಅಥವಾ ನೀಲಗಿರಿ ಗಳು ಆದೀತು. ಎತ್ತರ 7 ಅಡಿ ಇರಲಿ. ಮೇಲ್ಭಾಗಕ್ಕೆ ಅರ್ಧ ಬಿಸಿಲು ತಡೆಯುವ, ಅಂದರೆ ಶೇಕಡ 50ರ ನೆರಳು ಪರದೆ ಹಾಕಿ. ಆದರೆ ನೆರಳು ಪರದೆಯ ಕಣ್ಣಿನಲ್ಲಿ ಬಿಳಿ ನೊಣ ಸಲೀಸಾಗಿ ನುಗ್ಗುತ್ತದೆ. ಅದಕ್ಕಾಗಿ ಅಂಗುಲಕ್ಕೆ 40ರಿಂದ 50 ಕಣ್ಣುಗಳಿರುವ ನೈಲಾನ್ ಪರದೆಯನ್ನು ನಾಲ್ಕು ಪಕ್ಕಕ್ಕೂ ಮೇಲಕ್ಕೂ ಕಟ್ಟಬೇಕು. ಪರದೆಯ ಬುಡವನ್ನು ಮಣ್ಣಿನಲ್ಲಿ ಹೂತುಬಿಡಿ. ಬಾಗಿಲು ಒಂದರ ಹಿಂದೆ ಒಂದರಂತೆ ಎರಡು ಇರಲಿ. ಹೊರಬಾಗಿಲು ಮುಚ್ಚಿದ ಮೇಲೆ ಒಳಬಾಗಿಲು ತೆರೆಯುವುದು. ಈ ಒಂದು ಅಭ್ಯಾಸ ಮನೆಯವರಿಗೆಲ್ಲ ಆಗಬೇಕು. ಪರದೆಗೆ ಹಣ ಹಾಕಿ ಬಾಗಿಲು ತೆರೆದಿಟ್ಟರೆ, ಕೋಟೆ ಕಟ್ಟಿ ಹೆಬ್ಬಾಗಿಲಿಗೆ ಅಗುಳಿ ಇಡದ ಹಾಗಾಯಿತು. ಸಸಿಮನೆಯ ಸುತ್ತ ಕಳೆ ಇರಬಾರದು. ಹಳೆಯ ಟೊಮೆಟೊ ಬೆಳೆಯ ಪಕ್ಕದಲ್ಲಿ ಸಸಿಮನೆ ಕಟ್ಟಲೇಬಾರದು.

ಗುಳಿ ತುಂಬಲು ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್, ಬಳಸುತ್ತಾರೆ. ಒಂದು ಟ್ರೇಗೆ ಸುಮಾರು ಒಂದೂಕಾಲು ಕಿಲೋ ಬೇಕು. ಉಪ್ಪಿನಂಶ ತೊಳೆದು ಹದ ಮಾಡಿದ ಪುಡಿಯನ್ನೇ ಕೊಳ್ಳಿ. ಹಸಿ ಪುಡಿಯಲ್ಲಿ ಸಸಿ ಹಳದಿಯಾಗಿ ನಿಂತುಬಿಡುತ್ತದೆ. ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ನೀರು ತೊಟ್ಟಿಕ್ಕಬಾರದು. ಅದೇ ಹದ.

ಗುಳಿ ತುಂಬಿ, ಬೆರಳ ತುದಿಯಿಂದ ಅರ್ಧ ಸೆಂಟಿಮೀಟರ್ ಒತ್ತಿ, ಗುಳಿಗೆ ಒಂದೇ ಬೀಜ ಇಟ್ಟು, ತೆಳುವಾಗಿ ಪುಡಿ ಮುಚ್ಚಿ. ಒಂದು ಗ್ರಾಂ ಟೊಮೆಟೊ ಬೀಜದಲ್ಲಿ ಸುಮಾರು 300 ಬೀಜ ಇರುತ್ತವೆ. ಆ ಲೆಕ್ಕದಲ್ಲಿ ಎಕರೆಗೆ 40 ಗ್ರಾಂ ಒಳಗೇ ಮುಗಿಯುತ್ತದೆ. ಮಡಿಯಲ್ಲಿ ಚೆಲ್ಲಿದರೆ ಹೈಬ್ರಿಡ್ ಬೀಜವೇ 60ರಿಂದ 80 ಗ್ರಾಂ ಬೇಕು. ಹೈಬ್ರಿಡ್ ಬೀಜದ ಬೆಲೆ ತಮಗೆ ಗೊತ್ತೇ ಇದೆ. ಉಳಿತಾಯ ಎಷ್ಟೆಂದು ತಾವೇ ಗುಣಿಸಿಕೊಳ್ಳಿ.

ಬೀಜ ಹಾಕಿದ ಟ್ರೇಗಳನ್ನು ಒಂದರ ಮೇಲೊಂದು ಹತ್ತರಂತೆ ಪೇರಿಸಿ, ಪಾಲಿಥೀನ್ ಹಾಳೆಯಿಂದ ಮುಚ್ಚಿಡಿ. ಬಿಸಿ, ತೇವ ಎರಡೂ ಒಳಗೇ ನಿಂತು ಮೂರರಿಂದ ಆರು ದಿನಕ್ಕೆ ಮೊಳಕೆ ಬರುತ್ತದೆ. ಮೂರನೆಯ ದಿನದಿಂದ ಬೆಳಗ್ಗೆ ಸಂಜೆ ಹಾಳೆ ಎತ್ತಿ ನೋಡುತ್ತಿರಬೇಕು. ಮೊಳಕೆ ಕಂಡ ದಿನವೇ ಟ್ರೇಗಳನ್ನು ಸಸಿಮನೆಯಲ್ಲಿ ಹರಡಿ. ಒಂದು ದಿನ ತಡವಾದರೂ ಮೊಳಕೆ ಬೆಳಕು ಹುಡುಕಿಕೊಂಡು ಉದ್ದಕ್ಕೆ ಎಳೆದು, ಬಿಳಿಚಿಕೊಂಡು, ಬಗ್ಗಿ ಬೀಳುತ್ತದೆ.

ನೀರನ್ನು ಸಣ್ಣ ತೂತುಗಳ ಡಬ್ಬದಿಂದ ಬೆಳಗಿನ ಹೊತ್ತು ಚಿಮುಕಿಸಿ. ಎಳೆ ಸಸಿಗಳು ಬುಡದಲ್ಲಿ ಕೊಳೆತು ಮಲಗುವ ರೋಗಕ್ಕೆ ಮುಖ್ಯ ಕಾರಣವೇ ಅತಿಯಾದ ನೀರು. ಹಾಗೆ ಮಲಗಿದ್ದು ಕಂಡರೆ ನೀರು ಕಡಿಮೆ ಮಾಡಿ, ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಬುಡ ನೆನೆಯುವಂತೆ ಹಾಕಿ. ತೆಂಗಿನ ಪುಡಿಯಲ್ಲಿ ಸಾರ ಕಡಿಮೆ. ಆದ್ದರಿಂದ 12ನೆಯ ದಿನ ಒಮ್ಮೆ, 20ನೆಯ ದಿನ ಒಮ್ಮೆ, ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ 3 ಗ್ರಾಂನಂತೆ ಸಿಂಪಡಿಸಿ. ಹಳದಿ ಬಣ್ಣದ ತಗಡಿಗೆ ಹರಳೆಣ್ಣೆ ಸವರಿ ಸಸಿಗಳ ಮಟ್ಟದಲ್ಲಿ ನೇತುಹಾಕಿ. ಬಿಳಿ ನೊಣಕ್ಕೆ ಹಳದಿ ಎಂದರೆ ಆಸೆ, ಅಂಟಿಕೊಂಡು ಸಾಯುತ್ತದೆ. ತಗಡಿನ ಮೇಲೆ ನೊಣ ಕಂಡರೆ ಪರದೆ ಎಲ್ಲೋ ಹರಿದಿದೆ ಎಂದು ತಿಳಿದು ಹುಡುಕಿ ಹೊಲಿಯಿರಿ.

ಇನ್ನೊಂದು ಮಾತು ಯಜಮಾನರಿಗೆ. ಹೊಗೆಸೊಪ್ಪು ಹಾಕಿಕೊಂಡ ಕೈಯಲ್ಲಿ, ಬೀಡಿ ಹಿಡಿದ ಕೈಯಲ್ಲಿ ಸಸಿ ಮುಟ್ಟಬೇಡಿ. ಹೊಗೆಸೊಪ್ಪಿನಲ್ಲಿರುವ ಮೊಸಾಯಿಕ್ ನಂಜು ಕೈಯಿಂದಲೇ ಟೊಮೆಟೊ, ಮೆಣಸಿನ ಸಸಿಗೆ ಅಂಟುತ್ತದೆ. ಸೋಪು ಹಾಕಿ ಕೈ ತೊಳೆದು ಒಳಗೆ ಹೋಗಿ. ದೇವರ ಮನೆಗೆ ಹೋಗುವಾಗ ಇರುವ ಮಡಿ ಇಲ್ಲಿಯೂ ಇರಲಿ.

ಇನ್ನು ದಿನದ ಲೆಕ್ಕ. ನಾಟಿಗೆ ಟೊಮೆಟೊ ಸಸಿ 25ರಿಂದ 30 ದಿನ, ಬದನೆ 30ರಿಂದ 35 ದಿನ, ಮೆಣಸಿನಕಾಯಿ 35ರಿಂದ 40 ದಿನ ಆಗಿರಬೇಕು. ಎಲೆಕೋಸಿಗೆ 22ರಿಂದ 25 ದಿನ ಸಾಕು. ಸೌತೆ, ಹೀರೆ, ಹಾಗಲದ ಸಸಿ 12ರಿಂದ 15 ದಿನಕ್ಕೇ ಹೊಲಕ್ಕೆ ಹೋಗಬೇಕು. ತಡವಾದರೆ ಬೇರು ಸುತ್ತಿಕೊಳ್ಳುತ್ತದೆ. ಬೆಂಡೆ, ಹುರುಳಿಕಾಯಿ, ಮೂಲಂಗಿಗಳಿಗೆ ಸಸಿಮನೆಯ ಉಪಚಾರ ಬೇಡ, ಹೊಲಕ್ಕೇ ನೇರ ಬಿತ್ತಿ.

ಹೂವಿನಲ್ಲಿ ನಾನು ಚೆಂಡುಹೂವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅದು ಟೊಮೆಟೊಗೆ ಕಾವಲುಗಾರ. ಕಾಯಿ ಕೊರೆಯುವ ಹುಳುವಿನ ಚಿಟ್ಟೆಗೆ ಚೆಂಡುಹೂವಿನ ಮೇಲೆ ಮೊಟ್ಟೆಯಿಡಲು ಇಷ್ಟ. ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು, 16 ಸಾಲು ಟೊಮೆಟೊಗೆ ಒಂದು ಸಾಲು ಎತ್ತರದ ಚೆಂಡುಹೂ ನೆಡಲು ಹೇಳುತ್ತಾರೆ. ಇದರಲ್ಲಿ ಒಂದು ಗುಟ್ಟಿದೆ. ಎರಡೂ ಒಂದೇ ಕಾಲಕ್ಕೆ ಹೂ ಬಿಡಬೇಕಾದರೆ 25 ದಿನದ ಟೊಮೆಟೊ ಸಸಿಯ ಜೊತೆಗೆ 40 ದಿನದ ಚೆಂಡುಹೂ ಸಸಿ ನೆಡಬೇಕು. ಎಂದರೆ ಚೆಂಡುಹೂವಿನ ಬೀಜ ಹದಿನೈದು ದಿನ ಮುಂಚೆ ಬೀಳಬೇಕು. ನೆನಪಿಗೆ ಸುಲಭವಾಗಲೆಂದು ಹೀಗೆ ಹೇಳುತ್ತೇನೆ: ಜನವರಿ 1ಕ್ಕೆ ಚೆಂಡುಹೂ ಮತ್ತು ಮೆಣಸಿನಕಾಯಿ, ಸಂಕ್ರಾಂತಿಯಂದು ಟೊಮೆಟೊ, ಫೆಬ್ರವರಿ 10ರ ಸುಮಾರಿಗೆ ಎಲ್ಲವೂ ಹೊಲಕ್ಕೆ. ಎಕರೆ ಟೊಮೆಟೊಗೆ 6 ಟ್ರೇ ಚೆಂಡುಹೂ ಸಾಕು. ಹೂವು ಸಂತೆಗೂ ಆಯಿತು, ಹುಳುವಿಗೆ ಬಲೆಯೂ ಆಯಿತು.

ಬರೀ ಹೂವಿಗೆಂದೇ ಚೆಂಡುಹೂ ಬೆಳೆಯುವವರು, ಯುಗಾದಿ ಯಾವ ತಾರೀಕಿಗೆ ಬರುತ್ತದೆಂದು ಪಂಚಾಂಗ ನೋಡಿ, ಅಲ್ಲಿಂದ 80–85 ದಿನ ಹಿಂದಕ್ಕೆ ಎಣಿಸಿ ಬೀಜ ಹಾಕಿ. ಹಬ್ಬದ ಮಾರನೆಯ ದಿನ ಅರಳಿದ ಹೂವಿಗೆ ಬೆಲೆಯಿಲ್ಲ.

ನಾಟಿಗೆ ನಾಲ್ಕೈದು ದಿನ ಇರುವಾಗ ನೀರು ಕಡಿಮೆ ಮಾಡಿ, ಮೇಲಿನ ನೆರಳು ಪರದೆ ಮಾತ್ರ ಸರಿಸಿ ಬಿಸಿಲು ತೋರಿಸಿ. ನೈಲಾನ್ ಪರದೆ ಇದ್ದಲ್ಲೇ ಇರಲಿ. ಹೀಗೆ ಗಟ್ಟಿಯಾದ ಸಸಿ ಹೊಲದ ಬಿಸಿಲಿಗೆ ಬಾಡುವುದಿಲ್ಲ. ನಾಟಿ ಸಂಜೆ ಹೊತ್ತು ಮಾಡಿ. ಹೊಲಕ್ಕೆ ಹೋದ ಮೇಲೂ ಬಿಳಿ ನೊಣ ಬಂದೇ ಬರುತ್ತದೆ. ಅದಕ್ಕೆ ಹೊಲದ ಸುತ್ತ ಎರಡು ಮೂರು ಸಾಲು ಮುಸುಕಿನ ಜೋಳವನ್ನು ಮುಂಚೆಯೇ ಬಿತ್ತಿರಿ. ರೋಗ ತಡೆಯುವ ತಳಿಗಳನ್ನೂ ಆರಿಸಿಕೊಳ್ಳಿ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಕೊಟ್ಟ ನಂದಿ, ಸಂಕ್ರಾಂತಿ, ವೈಭವ ತಳಿಗಳೂ, ಹೆಸರಘಟ್ಟದ ಅರ್ಕಾ ರಕ್ಷಕ್ ಹೈಬ್ರಿಡ್ಡೂ ಎಲೆ ಮುಟುರು ರೋಗವನ್ನು ತಾಳಿಕೊಳ್ಳುತ್ತವೆ. ಹೈಬ್ರಿಡ್ ಹಣ್ಣಿನಿಂದ ಬೀಜ ತೆಗೆದು ಮತ್ತೆ ಬಿತ್ತಬೇಡಿ. ಮಕ್ಕಳು ತಾಯಿಯಂತೆ ಬರುವುದಿಲ್ಲ.

ಎಕರೆ ಟೊಮೆಟೊ ಹಾಕುವ ಶಕ್ತಿ ಎಲ್ಲರಿಗೂ ಇಲ್ಲ, ನಿಜ. ಹತ್ತು ಹದಿನೈದು ಟ್ರೇ ಇಡುವ ಮನೆಯವರು ಅದಕ್ಕೆ ತಕ್ಕಷ್ಟು ಸಣ್ಣ ಪರದೆ ಕಟ್ಟಿಕೊಳ್ಳಬಹುದು. ಟ್ರೇ ಕೊಳ್ಳಲಾರದವರು 3 ಅಡಿ ಅಗಲ, ಅರ್ಧ ಅಡಿ ಎತ್ತರದ ಏರು ಮಡಿ ಮಾಡಿ, ಬಿದಿರು ದಬ್ಬೆಯನ್ನು ಕಮಾನಿನಂತೆ ಬಗ್ಗಿಸಿ, ಅದೇ ನೈಲಾನ್ ಪರದೆ ಹೊದಿಸಿ, ಅಂಚಿಗೆ ಮಣ್ಣು ಎಳೆದರೂ ಕೆಲಸ ನಡೆಯುತ್ತದೆ. ಮುಖ್ಯವಾದದ್ದು ಪರದೆ.

ತಾಯಂದಿರೇ, ಈ ಕೆಲಸ ನಿಮ್ಮ ಕೈಗೆ ಒಗ್ಗುವಂಥದು. ಬೀಜ ಇಡುವ ನಾಜೂಕು, ಹೊತ್ತು ಹೊತ್ತಿಗೆ ನೋಡುವ ತಾಳ್ಮೆ ಎರಡೂ ನಿಮ್ಮಲ್ಲಿದೆ. ಮನೆಗೆ ಬೇಕಾದ್ದಕ್ಕಿಂತ ಹೆಚ್ಚು ಸಸಿ ಬೆಳೆದು ನೆರೆಹೊರೆಯವರಿಗೆ ಕೊಟ್ಟು ನಾಲ್ಕು ಕಾಸು ನೋಡಬಹುದು. ಮಾರಾಟ ದೊಡ್ಡದಾದರೆ ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಿ, ಅಲ್ಲಿನ ನಿಯಮದಂತೆ ನಡೆಯಿರಿ. ಒಂದು ಪುಸ್ತಕದಲ್ಲಿ ತಳಿಯ ಹೆಸರು, ಬೀಜ ಹಾಕಿದ ತಾರೀಕು, ಟ್ರೇ ಎಷ್ಟು, ಯಾರಿಗೆ ಕೊಟ್ಟಿರಿ ಎಂಬುದನ್ನು ಬರೆದಿಡಿ.

ಕೊನೆಗೆ ಒಂದು ಮಾತು ಒತ್ತಿ ಹೇಳಬೇಕು. ಮುಟುರು ಕಂಡ ಒಂದು ಸಸಿ ಟ್ರೇಯಲ್ಲಿದ್ದರೆ, ‘ಹೋಗಲಿ, ಒಂದೇ ತಾನೇ’ ಎಂದು ಜೊತೆಗೆ ಕಳಿಸಬೇಡಿ. ಕಿತ್ತು ಸುಟ್ಟುಬಿಡಿ. ನಿಮ್ಮ ಸಸಿ ನಂಬಿ ಕೊಂಡವನು ಆ ಹೊಲಕ್ಕೆ ಸಾಲದ ಹಣ ಸುರಿದಿರುತ್ತಾನೆ. ಕಡ್ಡಿ, ದಾರ, ಗೊಬ್ಬರ, ಕೂಲಿ ಎಲ್ಲವೂ ಆ ಸಸಿಯ ಬೆನ್ನ ಮೇಲಿರುತ್ತದೆ. ಅಲ್ಲಿ ಹುಟ್ಟಿದ ರೋಗ ತಿಂಗಳೊಪ್ಪತ್ತಿನಲ್ಲಿ ಬದು ದಾಟಿ ನಿಮ್ಮ ಹೊಲಕ್ಕೂ ಬರುತ್ತದೆ. ಒಳ್ಳೆಯ ಸಸಿ ಕೊಟ್ಟ ಮನೆಗೆ ಮಾತ್ರ ಜನ ಮರುವರ್ಷವೂ ಹುಡುಕಿಕೊಂಡು ಬರುತ್ತಾರೆ.

ಏನಾದರೂ ಅನುಮಾನವಿದ್ದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿ. ಹೋಗುವಾಗ ಬಾಡಿದ ಸಸಿಯನ್ನು ಪಾಲಿಥೀನ್ ಚೀಲದಲ್ಲಿ ಬಾಯಿ ಕಟ್ಟಿ ತೆಗೆದುಕೊಂಡು ಹೋಗಿ. ಬಾಯಲ್ಲಿ ಹೇಳುವುದಕ್ಕಿಂತ ಕಣ್ಣಿಗೆ ತೋರಿಸುವುದು ಮೇಲು.

ತಮ್ಮೆಲ್ಲರ ಹಿತ್ತಲಿನಲ್ಲೂ ಹಸಿರು ತುಂಬಿರಲಿ.