ಆಕಾಶವಾಣಿ: ಹಣ ನಮ್ಮದು, ಹಿಡಿತ ಯಾರದು?



2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ಅಂತಹ ಸಂದರ್ಭದಲ್ಲಿ ಸಿರುಗುಪ್ಪದ ನದಿತೀರದವರಿಗೆ ಪ್ರವಾಹದ ಭೀತಿ. ಕಾಲುವೆಯನ್ನು ನಂಬಿದ ಕುರುಗೋಡಿನ ರೈತರಿಗೆ ಬೆಳೆಯ ಚಿಂತೆ. ಇಬ್ಬರಿಗೂ ಬೇಕಾದುದು ವದಂತಿಯಲ್ಲ, ನಂಬಲರ್ಹವಾದ ಸುದ್ದಿ. ಆದ್ದರಿಂದ ಆಕಾಶವಾಣಿಯ ಆಡಳಿತ ಯಾರ ಕೈಯಲ್ಲಿದೆ ಎಂಬುದು ದಿಲ್ಲಿಯ ಪ್ರಶ್ನೆ ಮಾತ್ರವಲ್ಲ, ನಮ್ಮ ಪ್ರಶ್ನೆಯೂ ಹೌದು.

ತುರ್ತುಪರಿಸ್ಥಿತಿಯಲ್ಲಿ ಆಕಾಶವಾಣಿಯು ಸರಕಾರದ ತುತ್ತೂರಿಯಾದುದನ್ನು ದೇಶ ಕಂಡಿತು. ಆ ಬಳಿಕ ವರ್ಗೀಸ್ ಸಮಿತಿಯು 1978ರಲ್ಲಿ ಸ್ವಾಯತ್ತತೆಗೆ ಶಿಫಾರಸು ಮಾಡಿತು. 1990ರಲ್ಲಿ ಪ್ರಸಾರ ಭಾರತಿ ಕಾಯ್ದೆ ಅಂಗೀಕಾರವಾಯಿತು. ವಾಯುತರಂಗಗಳು ಸಾರ್ವಜನಿಕ ಸೊತ್ತು ಎಂದು 1995ರಲ್ಲಿ ಸುಪ್ರೀಮ್ ಕೋರ್ಟು ಸಾರಿತು. ಆದರೂ ಸಂಸ್ಥೆ ಅಸ್ತಿತ್ವಕ್ಕೆ ಬಂದುದು 1997ರ ನವೆಂಬರ್ 23ರಂದು.

ಕಾಯ್ದೆಯ ಆಶಯ ಉನ್ನತವಾದುದು. ಸತ್ಯವಾದ, ನಿಷ್ಪಕ್ಷವಾದ ಮಾಹಿತಿ ಪಡೆಯುವ ಪ್ರಜೆಯ ಹಕ್ಕನ್ನು ಕಾಪಾಡುವುದು, ಗಡಿಭಾಗದವರಿಗೂ ದುರ್ಬಲರಿಗೂ ಸೇವೆ ಸಲ್ಲಿಸುವುದು, ಅಲ್ಪಸಂಖ್ಯಾತರ ಮತ್ತು ಬುಡಕಟ್ಟು ಜನರ ಅಗತ್ಯಗಳನ್ನು ಗಮನಿಸುವುದು ಅದರ ಕರ್ತವ್ಯ. ಅಧ್ಯಕ್ಷರನ್ನು ಆರಿಸುವ ಸಮಿತಿಯಲ್ಲಿ ರಾಜ್ಯಸಭೆಯ ಸಭಾಪತಿ, ಪ್ರೆಸ್ ಕೌನ್ಸಿಲಿನ ಅಧ್ಯಕ್ಷ ಮತ್ತು ರಾಷ್ಟ್ರಪತಿಗಳ ಪ್ರತಿನಿಧಿ ಇರುತ್ತಾರೆ. ಮೇಲ್ವಿಚಾರಣೆಗೆ 22 ಸಂಸದರ ಸಮಿತಿಯನ್ನೂ ಕೇಳುಗರ ದೂರುಗಳ ವಿಚಾರಣೆಗೆ ಪ್ರಸಾರ ಮಂಡಳಿಯನ್ನೂ ಕಾಯ್ದೆ ವಿಧಿಸಿದೆ.

ಆದರೆ ದಶಕಗಳು ಉರುಳಿದರೂ ಆ ಸಂಸದೀಯ ಸಮಿತಿಯಾಗಲಿ, ಆ ಮಂಡಳಿಯಾಗಲಿ ರಚನೆಯಾಗಲಿಲ್ಲ. 2020ರ ಫೆಬ್ರವರಿಯಿಂದ 2024ರ ಮಾರ್ಚ್‌ವರೆಗೆ ಅಧ್ಯಕ್ಷ ಸ್ಥಾನವೇ ಖಾಲಿಯಿತ್ತು. ಸಂಬಳದ ಹಣಕ್ಕಾಗಿ ಸಂಸ್ಥೆಯು ಸರಕಾರದ ಅನುದಾನವನ್ನು ನೆಚ್ಚಿಕೊಂಡಿದೆ. ಅನ್ನ ನೀಡುವವನನ್ನು ಪ್ರಶ್ನಿಸುವ ಧೈರ್ಯ ಎಷ್ಟು ಮಂದಿಗಿದ್ದೀತು? ಯಾವ ಪಕ್ಷ ಅಧಿಕಾರಕ್ಕೆ ಬಂದರೂ ಈ ಹಿಡಿತವನ್ನು ಬಿಡಲು ಮನಸ್ಸು ಮಾಡಲಿಲ್ಲವೆಂಬುದು ಕಹಿ ಸತ್ಯ.

ಹಿಂದೆ ನಾವು ಅಂಚೆ ಕಚೇರಿಯಲ್ಲಿ ರೇಡಿಯೋ ಲೈಸೆನ್ಸಿನ ಶುಲ್ಕ ಕಟ್ಟುತ್ತಿದ್ದೆವು. ಇಂದು ತೆರಿಗೆಯ ರೂಪದಲ್ಲಿ ಕೊಡುತ್ತಿದ್ದೇವೆ. ಆ ಅನುದಾನವು ಸರಕಾರದ ಔದಾರ್ಯವಲ್ಲ, ನಮ್ಮದೇ ಹಣ. ಹಾಗಿರುವಾಗ ಲೆಕ್ಕ ಕೇಳುವುದು ನಮ್ಮ ಹಕ್ಕು.

ಬಂಧುಗಳೇ, ಬಾನುಲಿ ಪಕ್ಷಪಾತಿಯೆಂದು ಚಹಾದಂಗಡಿಯಲ್ಲಿ ಗೊಣಗಿದರೆ ಪ್ರಯೋಜನವಿಲ್ಲ. ಆ ಮಂಡಳಿ ಮತ್ತು ಸಮಿತಿಯ ರಚನೆಗಾಗಿ ಸದನದಲ್ಲಿ ಧ್ವನಿಯೆತ್ತುವಂತೆ ನಮ್ಮ ಸಂಸದರನ್ನು ಲಿಖಿತವಾಗಿ ಒತ್ತಾಯಿಸೋಣ. ನಮ್ಮ ಜಿಲ್ಲೆಯ ರೈತರಿಗೆ, ಕೂಲಿಕಾರರಿಗೆ, ಕನ್ನಡದ ಜೊತೆಗೆ ಉರ್ದು, ತೆಲುಗು ಮಾತನಾಡುವವರಿಗೆ ಎಷ್ಟು ಹೊತ್ತಿನ ಕಾರ್ಯಕ್ರಮ ದೊರೆಯುತ್ತಿದೆಯೆಂದು ಮಾಹಿತಿ ಹಕ್ಕಿನಡಿ ಕೇಳೋಣ. ಕೇಳುಗರು ಮೌನವಾಗಿರುವವರೆಗೆ ಸ್ವಾಯತ್ತತೆಯು ಕಾಗದದಲ್ಲಿಯೇ ಉಳಿಯುವುದು.