ಹೊರನಾಡಿನಲ್ಲಿ ಹುಟ್ಟಿದ ಮಗು ಯಾವ ದೇಶದ ಪ್ರಜೆ?



ಮಗು ಹುಟ್ಟಿದ ಸುದ್ದಿ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಹಿರಿಯರು ಕೇಳುವ ಪ್ರಶ್ನೆಗಳು ಮೂರು. ಗಂಡೋ ಹೆಣ್ಣೋ? ತಾಯಿ ಮಗು ಕ್ಷೇಮವೇ? ಹುಟ್ಟಿದ ಗಳಿಗೆ ಯಾವುದು? ಮಗು ಹೊರದೇಶದಲ್ಲಿ ಹುಟ್ಟಿದ್ದರೆ ಇವುಗಳ ಜೊತೆಗೆ ನಾಲ್ಕನೆಯ ಪ್ರಶ್ನೆಯೊಂದು ಸೇರಿಕೊಳ್ಳುತ್ತದೆ. ಈ ಮಗು ಯಾವ ದೇಶದ ಪ್ರಜೆ? ಅದಕ್ಕೆ ಪಾಸ್‌ಪೋರ್ಟ್ ಕೊಡುವವರು ಯಾರು? ಇಂದಿನ ನನ್ನ ಮಾತು ಈ ನಾಲ್ಕನೆಯ ಪ್ರಶ್ನೆಯನ್ನು ಕುರಿತದ್ದು.

ಇದು ವಕೀಲರಿಗೂ ಅಧಿಕಾರಿಗಳಿಗೂ ಬಿಟ್ಟ ವಿಷಯ, ನಮಗೇಕೆ ಎನ್ನಬೇಡಿ. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಎಷ್ಟೋ ಮನೆಗಳ ಮಕ್ಕಳು ಹುಟ್ಟಿದ್ದು ದುಬೈ, ಮಸ್ಕತ್, ಕುವೈತ್‌ಗಳಲ್ಲಿ. ಬೆಂಗಳೂರು, ಮೈಸೂರಿನ ಎಷ್ಟೋ ಇಂಜಿನಿಯರುಗಳ ಮಕ್ಕಳು ಹುಟ್ಟಿದ್ದು ಅಮೆರಿಕದಲ್ಲಿ. ನಿಮ್ಮ ತರಗತಿಯಲ್ಲೇ ಅಂಥವರು ಇರಬಹುದು. ನಿಮ್ಮ ಪಕ್ಕದಲ್ಲಿ ಕುಳಿತು, ನಿಮ್ಮಂತೆಯೇ ಕನ್ನಡ ಮಾತನಾಡುವ ಗೆಳತಿ ಕಾನೂನಿನ ಕಣ್ಣಿನಲ್ಲಿ ವಿದೇಶಿಯಳಾಗಿರಲೂ ಸಾಧ್ಯ. ಅದು ಹೇಗೆಂದು ನೋಡೋಣ.

ಮಗುವಿಗೆ ಪೌರತ್ವ ಕೊಡುವಾಗ ಜಗತ್ತಿನ ದೇಶಗಳು ಮುಖ್ಯವಾಗಿ ಎರಡು ತತ್ತ್ವಗಳನ್ನು ಅನುಸರಿಸುತ್ತವೆ. ಮೊದಲನೆಯದು ನೆಲದ ತತ್ತ್ವ. ನಮ್ಮ ನೆಲದ ಮೇಲೆ ಹುಟ್ಟಿದವನು ನಮ್ಮವನು ಎಂಬುದು ಅದರ ಸಾರ. ಎರಡನೆಯದು ರಕ್ತದ ತತ್ತ್ವ. ಎಲ್ಲೇ ಹುಟ್ಟಲಿ, ತಂದೆ ತಾಯಿ ನಮ್ಮವರಾದರೆ ಮಗುವೂ ನಮ್ಮದೇ ಎಂಬುದು ಇದರ ಸಾರ.

ನೆಲದ ತತ್ತ್ವಕ್ಕೆ ಪ್ರಸಿದ್ಧ ಉದಾಹರಣೆ ಅಮೆರಿಕ. ಅಲ್ಲಿನ ಸಂವಿಧಾನಕ್ಕೆ 1868ರಲ್ಲಿ ಸೇರಿದ 14ನೇ ತಿದ್ದುಪಡಿ ಈ ತತ್ತ್ವವನ್ನು ಸ್ಥಾಪಿಸಿತು. ಚೀನಿ ತಂದೆ ತಾಯಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬಾತ ಚೀನಾಕ್ಕೆ ಹೋಗಿ 1895ರಲ್ಲಿ ಮರಳಿದಾಗ, ನೀನು ಅಮೆರಿಕದವನಲ್ಲ ಎಂದು ಅಧಿಕಾರಿಗಳು ಅವನನ್ನು ಬಂದರಿನಲ್ಲೇ ತಡೆದರು. ಹುಟ್ಟಿನಿಂದಲೇ ಆತ ಅಮೆರಿಕದ ಪ್ರಜೆ ಎಂದು ಅಲ್ಲಿನ ಸುಪ್ರೀಂ ಕೋರ್ಟು 1898ರಲ್ಲಿ ತೀರ್ಪು ಕೊಟ್ಟಿತು. ತಾತ್ಕಾಲಿಕ ವೀಸಾದ ಮೇಲೆ ಇರುವವರ ಮಕ್ಕಳಿಗೂ ಈ ಹಕ್ಕು ಸಿಗಬಾರದು ಎಂದು 2025ರ ಜನವರಿಯಲ್ಲಿ ಅಲ್ಲಿನ ಅಧ್ಯಕ್ಷರು ಆದೇಶ ಹೊರಡಿಸಿದರು. ಅದೇ ವರ್ಷ ಹಲವು ನ್ಯಾಯಾಲಯಗಳು ಅದಕ್ಕೆ ತಡೆ ಹಾಕಿದವು. ನೂರು ವರ್ಷಕ್ಕೂ ಹಿಂದೆ ತೀರ್ಮಾನವಾದ ಪ್ರಶ್ನೆಯೂ ಮತ್ತೆ ಎದ್ದು ನಿಲ್ಲಬಹುದು ಎಂಬುದಕ್ಕೆ ಇದು ಸಾಕ್ಷಿ.

ಬ್ರಿಟನ್ ಕೂಡ ಒಂದು ಕಾಲಕ್ಕೆ ನೆಲದ ತತ್ತ್ವವನ್ನೇ ಅನುಸರಿಸುತ್ತಿತ್ತು. 1983ರ ಜನವರಿ 1ರಿಂದ ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದು ನಿಂತಿತು. ಕೊಲ್ಲಿ ದೇಶಗಳದಂತೂ ಮೊದಲಿನಿಂದಲೂ ರಕ್ತದ ತತ್ತ್ವವೇ. ನಮ್ಮ ದೇಶದ ಮಾತೇನು? ನಮ್ಮಲ್ಲಿ 1955ರ ಪೌರತ್ವ ಅಧಿನಿಯಮ ಜಾರಿಯಲ್ಲಿದೆ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ತಂದೆ ತಾಯಿ ಯಾರೇ ಆಗಿದ್ದರೂ ಭಾರತದ ಪ್ರಜೆಗಳು. ಆಮೇಲೆ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕೆಂಬ ನಿಯಮ ಬಂತು. 2004ರ ಡಿಸೆಂಬರ್ 3ರಿಂದ ಅದು ಇನ್ನಷ್ಟು ಬಿಗಿಯಾಯಿತು. ನಮ್ಮ ಕಾನೂನು ನೆಲದಿಂದ ಹೊರಟು ರಕ್ತದ ಕಡೆಗೆ ನಡೆದುಬಂದಿದೆ ಎನ್ನಬಹುದು.

ಈಗ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಕುಂದಾಪುರದ ಕಡೆಯವರು. ಗಂಡ ದುಬೈಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾನೆ. ಹೆಂಡತಿಗೆ ಅಲ್ಲಿಯೇ ಹೆರಿಗೆಯಾಗುತ್ತದೆ. ಮಗು ಹುಟ್ಟಿದ್ದು ಅರಬ್ ಸಂಯುಕ್ತ ಸಂಸ್ಥಾನದ ನೆಲದಲ್ಲಿ, ಆದರೆ ಆ ದೇಶ ಅದನ್ನು ತನ್ನ ಪ್ರಜೆ ಎನ್ನುವುದಿಲ್ಲ. ತಂದೆ ತಾಯಿ ಭಾರತೀಯರು, ಆದ್ದರಿಂದ ಭಾರತ ತನ್ನದು ಎನ್ನಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. 2004ರ ಡಿಸೆಂಬರ್ 3ರಿಂದೀಚೆಗೆ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ವಂಶದ ಮೂಲಕ ಭಾರತದ ಪೌರತ್ವ ಬರಬೇಕಾದರೆ, ಅದರ ಜನನವನ್ನು ಹುಟ್ಟಿದ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆ ತಾಯಿ ಬರೆದು ಘೋಷಿಸಬೇಕು. ವರ್ಷ ಕಳೆದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ. ಅಂದರೆ ರಕ್ತಸಂಬಂಧವೊಂದೇ ಸಾಲದು; ಅದು ದಾಖಲೆಯಾಗಬೇಕು. ಅಲ್ಲಿಯವರೆಗೆ ಆ ಕೂಸು ಯಾವ ದೇಶಕ್ಕೂ ಸೇರದೆ ತೊಟ್ಟಿಲಲ್ಲಿ ಮಲಗಿರುತ್ತದೆ.

ಅರ್ಜಿಯ ಕೆಲಸ ಶುರುವಾಗುವುದು ಆಸ್ಪತ್ರೆಯಲ್ಲಿ. ಅಲ್ಲಿನ ವರದಿಯ ಮೇಲೆ ಆ ದೇಶದ ಆರೋಗ್ಯ ಇಲಾಖೆ ಜನನ ಪತ್ರ ಕೊಡುತ್ತದೆ. ಅದನ್ನು ಹಿಡಿದುಕೊಂಡು ಕಾನ್ಸುಲೇಟಿನಲ್ಲಿ ಜನನ ನೋಂದಣಿಗೂ ಪಾಸ್‌ಪೋರ್ಟಿಗೂ ಅರ್ಜಿ ಹಾಕಬೇಕು. ಪಾಸ್‌ಪೋರ್ಟ್ ಬಂದಮೇಲೆ ಆ ದೇಶದ ವಾಸದ ಪರವಾನಗಿ. ಅದನ್ನು ಹುಟ್ಟಿದ 120 ದಿನಗಳೊಳಗೆ ಪಡೆಯಬೇಕು, ತಪ್ಪಿದರೆ ದಂಡ. ಒಂದು ಕಾಗದ ತಡವಾದರೆ ಅದರ ಹಿಂದಿನದೆಲ್ಲ ತಡವಾಗುತ್ತದೆ. ಈ ನಡುವೆ ಊರಿನಲ್ಲಿ ಅಜ್ಜಿಗೆ ಕಾಯಿಲೆ ಜೋರಾಯಿತು ಎಂದಿಟ್ಟುಕೊಳ್ಳಿ. ತಂದೆ ತಾಯಿ ಆ ರಾತ್ರಿಯೇ ವಿಮಾನ ಹತ್ತಬಹುದು. ಇಪ್ಪತ್ತು ದಿನದ ಮಗು ಹತ್ತುವಂತಿಲ್ಲ, ಅದಕ್ಕೆ ಪಾಸ್‌ಪೋರ್ಟ್ ಇಲ್ಲ.

ಹೆಸರಿನ ತೊಡಕಂತೂ ನಮ್ಮ ಕನ್ನಡದ ಮನೆಗಳಿಗೆ ಚೆನ್ನಾಗಿ ಗೊತ್ತು. ನಮ್ಮಲ್ಲಿ ಅನೇಕರು ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ನಾಮಕರಣ ಮಾಡುತ್ತಾರೆ. ಕೆಲವರು ಮೂರು ತಿಂಗಳು ಕಾಯುತ್ತಾರೆ. ಜನನ ಪತ್ರಕ್ಕೆ ಹೆಸರು ಕೊಡಲು ಅಷ್ಟು ಪುರುಸೊತ್ತಿರುವುದಿಲ್ಲ. ಅಜ್ಜ ಆರಿಸಿದ ಹೆಸರು ಆಮೇಲೆ ಬಂದರೆ ಪತ್ರದಲ್ಲೊಂದು ಹೆಸರು, ತೊಟ್ಟಿಲಲ್ಲೊಂದು ಹೆಸರು. ಇನ್ನೊಂದು ತೊಡಕು ಮನೆತನದ ಹೆಸರಿನದು. ನಮ್ಮಲ್ಲಿ ಎಷ್ಟೋ ಜನರಿಗೆ ಅಂಥ ಹೆಸರೇ ಇಲ್ಲ. ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ತನ್ನ ಹೆಸರು. ಅರ್ಜಿಯ ನಮೂನೆ ಮಾತ್ರ ಮನೆತನದ ಹೆಸರು ಎಲ್ಲಿ ಎಂದು ಕೇಳುತ್ತದೆ. ತಂದೆಯ ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದದ್ದು, ತಾಯಿಯ ಪಾಸ್‌ಪೋರ್ಟಿನಲ್ಲಿ ಮದುವೆಗೆ ಮುಂಚಿನದ್ದು, ಮಗುವಿನ ಜನನ ಪತ್ರದಲ್ಲಿ ಮತ್ತೊಂದು. ಮೂರೂ ಒಂದೇ ಕುಟುಂಬದ ಕಾಗದಗಳೆಂದು ಸಾಧಿಸುವುದೇ ಒಂದು ಕೆಲಸವಾಗುತ್ತದೆ. ಆದ್ದರಿಂದ ತಿಳಿದವರು ಹೇಳುವ ಮಾತು ಇದು: ಮೊದಲ ಕಾಗದದಲ್ಲಿ ಒಂದೊಂದು ಅಕ್ಷರವನ್ನೂ ಎರಡು ಸಲ ಓದಿ.

ಪಾಸ್‌ಪೋರ್ಟಿಗೆ ಭಾವಚಿತ್ರವೂ ಬೇಕು. ಮಗು ಕಣ್ಣು ತೆರೆದಿರಬೇಕು, ಹಿಂದೆ ಬಿಳಿಯ ಹಿನ್ನೆಲೆ ಇರಬೇಕು, ಹಿಡಿದವರ ಕೈ ಕಾಣಬಾರದು. ದಿನದ ಹೆಚ್ಚು ಹೊತ್ತು ನಿದ್ದೆ ಮಾಡುವ ಕೂಸಿನಿಂದ ಇದನ್ನು ಪಡೆಯುವುದು ಎಷ್ಟು ಕಷ್ಟವೆಂದು ಮನೆಯಲ್ಲಿ ಎಳೆಮಕ್ಕಳಿರುವವರಿಗೆ ಗೊತ್ತು. ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು. ತನ್ನ ಬದುಕಿನ ಅತಿ ದೊಡ್ಡ ಅರ್ಜಿಗೆ ಮಗು ಏನೂ ತಿಳಿಯದೆ ಒತ್ತುವ ಹೆಬ್ಬೆಟ್ಟು ಅದು.

ದುಬೈಯ ಮಗುವಿಗೆ ದಾರಿ ಒಂದೇ. ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ ಎರಡು ದಾರಿಗಳಿದ್ದವು. ನೆಲದ ಲೆಕ್ಕದಲ್ಲಿ ಅಮೆರಿಕ, ರಕ್ತದ ಲೆಕ್ಕದಲ್ಲಿ ಭಾರತ. ಎರಡೂ ಇರಲಿ ಎನ್ನುವಂತಿಲ್ಲ. ಬೇರೆ ದೇಶದ ಪೌರತ್ವವನ್ನು ತಾನಾಗಿ ಪಡೆದವರ ಭಾರತೀಯ ಪೌರತ್ವ ಕೊನೆಗೊಳ್ಳುತ್ತದೆ. ಎರಡು ದೇಶಗಳ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದಕ್ಕೆ ನಮ್ಮ ಕಾನೂನಿನಲ್ಲಿ ಅವಕಾಶವಿಲ್ಲ. ಅಲ್ಲಿರುವ ನಮ್ಮವರಲ್ಲಿ ಅನೇಕರು ಮಗುವಿಗೆ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿ, ಭಾರತಕ್ಕೆ ಬಂದುಹೋಗಲು ಸಾಗರೋತ್ತರ ಭಾರತೀಯ ಚೀಟಿ, ಅಂದರೆ ಓಸಿಐ ಕಾರ್ಡು ಮಾಡಿಸುತ್ತಾರೆ. 2005ರಲ್ಲಿ ಆರಂಭವಾದ ಈ ಚೀಟಿ ಇದ್ದರೆ ಭಾರತಕ್ಕೆ ಬರಲು ಪ್ರತಿ ಸಲ ವೀಸಾ ಬೇಡ. ಇಲ್ಲಿ ಎಷ್ಟು ಕಾಲವಾದರೂ ಇರಬಹುದು. ಆದರೆ ಹೆಸರನ್ನು ನೋಡಿ ಮೋಸಹೋಗಬಾರದು. ಇದು ಪೌರತ್ವವಲ್ಲ. ಇದನ್ನು ಹಿಡಿದವರಿಗೆ ಮತದಾನದ ಹಕ್ಕಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಕೃಷಿ ಭೂಮಿ ಕೊಳ್ಳುವಂತಿಲ್ಲ.

ವಿದ್ಯಾರ್ಥಿಗಳಿಗೆ ನೇರವಾಗಿ ತಟ್ಟುವ ಮಾತೊಂದಿದೆ. ಅಮೆರಿಕದಲ್ಲಿ ಹುಟ್ಟಿ, ಮೂರನೆಯ ವಯಸ್ಸಿಗೆ ಬೆಂಗಳೂರಿಗೆ ಬಂದು, ಇಲ್ಲಿಯೇ ಓದಿ ಬೆಳೆದ ಹುಡುಗಿಯೊಬ್ಬಳು ವೈದ್ಯಕೀಯ ಸೀಟಿಗೆ ಅರ್ಜಿ ಹಾಕುತ್ತಾಳೆ ಎನ್ನಿ. ಅವಳು ನಮ್ಮವಳೇ, ವಿದೇಶಿಯೇ? 2020ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು, ವೃತ್ತಿಶಿಕ್ಷಣದ ಪ್ರವೇಶದಲ್ಲಿ ಇಂಥವರನ್ನು ಭಾರತೀಯರಂತೆಯೇ ಪರಿಗಣಿಸಬೇಕೆಂದು ತೀರ್ಪಿತ್ತಿತು. ಮೂರು ತಿಂಗಳಾಗುವಷ್ಟರಲ್ಲಿ, 2021ರ ಮಾರ್ಚ್ 4ರಂದು, ಇವರಿಗೆ ಅನಿವಾಸಿ ಭಾರತೀಯರ ಸೀಟುಗಳು ಮಾತ್ರ, ಭಾರತದ ಪ್ರಜೆಗಳಿಗೆಂದೇ ಇಟ್ಟ ಸೀಟುಗಳು ಇಲ್ಲ ಎಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಆ ನಿರ್ಬಂಧ 2021ರ ಮಾರ್ಚ್ 4ರ ನಂತರ ಚೀಟಿ ಪಡೆದವರಿಗೆ ಮಾತ್ರ ಅನ್ವಯಿಸುತ್ತದೆ ಎಂದು ಹೇಳಿತು. ತಂದೆ ತಾಯಿ ಹೆರಿಗೆ ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಮಾಡಿದ ಆಯ್ಕೆ ಹದಿನೇಳು ವರ್ಷಗಳ ನಂತರ ಸೀಟು ಹಂಚುವ ಸಾಲಿನಲ್ಲಿ ಎದುರಾಗುವುದು ಹೀಗೆ.

ಜಾತಕಕ್ಕೆ ಗಳಿಗೆ ಬೇಕು, ಪೌರತ್ವಕ್ಕೆ ತಾರೀಖು ಬೇಕು. ಕಾನೂನು ನೋಡುವುದು ಮಗು ಹುಟ್ಟಿದ ದಿನ ತಂದೆ ತಾಯಿ ಯಾವ ದೇಶದ ಪ್ರಜೆಗಳಾಗಿದ್ದರು ಎಂಬುದನ್ನು. ಮಗು ಇನ್ನೂ ಗರ್ಭದಲ್ಲಿದ್ದಾಗ ಭಾರತೀಯ ದಂಪತಿಗಳಿಬ್ಬರು ಸಿಂಗಪುರದ ಪೌರತ್ವ ಪಡೆದರು. ಬೆಳೆದ ಮೇಲೆ ಮಗ ಭಾರತದ ಪೌರತ್ವವನ್ನು ಮರಳಿ ಕೇಳಿದ. ತಂದೆ ತಾಯಿ ಪೌರತ್ವ ತ್ಯಜಿಸಿದಾಗ ಮಕ್ಕಳು ಕಳೆದುಕೊಂಡದ್ದನ್ನು ಮರಳಿ ಕೊಡುವ ಕಲಮು ಅವನಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಅಕ್ಟೋಬರಿನಲ್ಲಿ ಹೇಳಿತು.

ತಾರೀಖಿನ ಮಾತು ಬಂದಾಗ ಇನ್ನೊಂದು ದಿನವನ್ನು ಹೆಣ್ಣುಮಕ್ಕಳು ವಿಶೇಷವಾಗಿ ನೆನಪಿಡಬೇಕು. ಅದು 1992ರ ಡಿಸೆಂಬರ್ 10. ಅದಕ್ಕೆ ಮುಂಚೆ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಭಾರತದ ಪೌರತ್ವ ಬರುತ್ತಿದ್ದುದು ತಂದೆಯಿಂದ ಮಾತ್ರ. ಧಾರವಾಡದ ಹೆಣ್ಣುಮಗಳೊಬ್ಬಳು ವಿದೇಶಿಯನನ್ನು ಮದುವೆಯಾಗಿ, 1985ರಲ್ಲಿ ಲಂಡನ್ನಿನಲ್ಲಿ ಮಗುವನ್ನು ಹೆತ್ತಿದ್ದರೆ, ಅವಳು ಭಾರತೀಯಳೇ ಆಗಿದ್ದರೂ ಅದನ್ನು ಮಗುವಿಗೆ ದಾಟಿಸುವ ಹಕ್ಕು ಅವಳಿಗಿರಲಿಲ್ಲ. ಹೊತ್ತವಳು, ಹೆತ್ತವಳು ತಾಯಿ. ಲೆಕ್ಕಕ್ಕೆ ಬಂದವನು ತಂದೆ. ಸಂವಿಧಾನ ಸಮಾನತೆಯನ್ನು ಸಾರಿ ನಾಲ್ಕು ದಶಕಗಳಾದ ಮೇಲೆ ಈ ತಪ್ಪು ತಿದ್ದುಪಡಿಯಾಯಿತು. ಈಗ ತಂದೆ ತಾಯಿಯರಲ್ಲಿ ಯಾರೊಬ್ಬರು ಭಾರತೀಯರಾಗಿದ್ದರೂ ಸರಿ.

ಎರಡು ದೇಶಗಳ ಕಾನೂನಿನ ನಡುವೆ ಮಗು ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ನಡೆದ ಘಟನೆಯಿದೆ. 2008ರ ಜುಲೈಯಲ್ಲಿ ಗುಜರಾತಿನ ಆನಂದ್ ಪಟ್ಟಣದಲ್ಲಿ ಜಪಾನಿನ ದಂಪತಿಗಾಗಿ ಬಾಡಿಗೆ ತಾಯಿಯೊಬ್ಬಳು ಹೆಣ್ಣುಮಗುವನ್ನು ಹೆತ್ತಳು. ಅಷ್ಟರಲ್ಲಿ ಆ ದಂಪತಿಗೆ ವಿಚ್ಛೇದನವಾಗಿತ್ತು. ತಾಯಿ ಯಾರೆಂಬುದೇ ತೀರ್ಮಾನವಾಗದೆ ಮಗುವಿಗೆ ಭಾರತದ ಪಾಸ್‌ಪೋರ್ಟೂ ಇಲ್ಲ, ಜಪಾನಿನದ್ದೂ ಇಲ್ಲ. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊನೆಗೆ ಭಾರತ ಗುರುತಿನ ಪತ್ರ ಕೊಟ್ಟಿತು, ಜಪಾನು ಮಾನವೀಯ ನೆಲೆಯಲ್ಲಿ ವೀಸಾ ಕೊಟ್ಟಿತು. ಮೊಮ್ಮಗಳಿಗಾಗಿ ಭಾರತದಲ್ಲೇ ಉಳಿದು ಕಾದ ಅಜ್ಜಿ, ನವೆಂಬರಿನಲ್ಲಿ ಅವಳನ್ನು ಎತ್ತಿಕೊಂಡು ಜಪಾನಿಗೆ ಹೊರಟರು. ಪ್ರತಿ ಮಗುವಿಗೂ ಹೆಸರು ಮತ್ತು ರಾಷ್ಟ್ರೀಯತೆ ಪಡೆಯುವ ಹಕ್ಕಿದೆ ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಹೇಳುತ್ತದೆ. ಆ ಹಕ್ಕಿನ ಬೆಲೆ ತಿಳಿಯುವುದು ಅದು ಇಲ್ಲದಾದಾಗ.

ಕೊನೆಯದಾಗಿ ನಿಮ್ಮ ವಯಸ್ಸಿನವರ ಮಾತು. ವಂಶದ ಮೂಲಕ ಭಾರತದ ಪ್ರಜೆಯಾದ ಮಗುವಿಗೆ ಹುಟ್ಟಿನಿಂದ ಮತ್ತೊಂದು ದೇಶದ ಪೌರತ್ವವೂ ಬಂದಿರಬಹುದು. ಅಂಥವರು 18 ತುಂಬಿದ ಆರು ತಿಂಗಳೊಳಗೆ ಆ ಪೌರತ್ವವನ್ನು ತ್ಯಜಿಸಬೇಕು. ಇಲ್ಲದಿದ್ದರೆ ಭಾರತದ ಪೌರತ್ವ ಹೋಗುತ್ತದೆ. ತಂದೆ ತಾಯಿ ಒತ್ತಿಸಿದ ಹೆಬ್ಬೆಟ್ಟಿನ ಜಾಗದಲ್ಲಿ ತನ್ನದೇ ಸಹಿ ಹಾಕುವ ಕಾಲ ಅದು.

ಹುಟ್ಟುವ ಜಾಗವನ್ನು ಯಾರೂ ಆರಿಸಿಕೊಳ್ಳಲಾರರು. ಆದರೆ ಅದನ್ನು ಸಕಾಲದಲ್ಲಿ ದಾಖಲಿಸುವುದು ಹೆತ್ತವರ ಕೈಯಲ್ಲಿದೆ. ಹೊರದೇಶದಲ್ಲಿ ನೋಂದಾಯಿಸದೆ ಮಗುವನ್ನು ಇಲ್ಲಿ ನೆಲೆಸಲೆಂದು ಕರೆತಂದವರು, ಬಂದ 60 ದಿನಗಳೊಳಗೆ ಅದರ ಜನನವನ್ನು ಇಲ್ಲಿ ನೋಂದಾಯಿಸಬಹುದೆಂದು 1969ರ ಜನನ ಮರಣ ನೋಂದಣಿ ಅಧಿನಿಯಮ ಹೇಳುತ್ತದೆ. ಇದರಿಂದ ಜನನ ದಾಖಲೆಯಾಗುತ್ತದೆ. ಪೌರತ್ವಕ್ಕೆ ಬೇಕಾದ ಕಾನ್ಸುಲೇಟಿನ ನೋಂದಣಿ ಬೇರೆ ಎಂಬುದನ್ನು ಮರೆಯಬಾರದು. ನಿಮ್ಮ ಅಕ್ಕನೋ ಅಣ್ಣನೋ ಹೊರನಾಡಿನಲ್ಲಿದ್ದು, ಅಲ್ಲಿಂದ ಸಿಹಿ ಸುದ್ದಿ ಬಂದರೆ, ತಾಯಿ ಮಗುವಿನ ಕ್ಷೇಮ ವಿಚಾರಿಸಿದ ಮೇಲೆ ಇನ್ನೊಂದು ಮಾತನ್ನು ಮರೆಯದೆ ಕೇಳಿ: ಮಗುವಿನ ಹೆಸರು ಕಾನ್ಸುಲೇಟಿನ ಪುಸ್ತಕದಲ್ಲಿ ಬರೆಸಿದ್ದಾಯಿತೇ?