ಗಾಂಜಾ, ಕಾನೂನು ಮತ್ತು ಮಹಾಂತ ಜೋಳಿಗೆ

(ವ್ಯಸನಮುಕ್ತ ದಿನಾಚರಣೆ ಅಂಗವಾಗಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

 

ಪೂಜ್ಯರು ನನಗೆ ಕೊಟ್ಟ ವಿಷಯ ‘ವ್ಯಸನಮುಕ್ತ ಸಮಾಜ’. ಅದರ ಮೇಲೆ ಚೆನ್ನಾಗಿ ಮಾತಾಡುವವರು ಬಹಳ ಜನ ಇದ್ದಾರೆ. ಚಪ್ಪಾಳೆ ಆಗುತ್ತದೆ, ದಾಸೋಹ ಆಗುತ್ತದೆ, ಮನೆಗೆ ಹೋಗುತ್ತೇವೆ. ನಾನು ಅಪ್ಪಣೆ ಪಡೆದು ತುಸು ಇಕ್ಕಟ್ಟಿನ ಪ್ರಶ್ನೆಯೊಂದನ್ನು ಎತ್ತಿಕೊಂಡಿದ್ದೇನೆ. ಗಾಂಜಾ ಸೇದುವುದನ್ನು ಕಾನೂನುಬದ್ಧ ಮಾಡಬೇಕೇ? ನಮ್ಮ ಕಾಲೇಜು ಹುಡುಗರು ಇದನ್ನು ಕೇಳುತ್ತಿದ್ದಾರೆ. ನಾವು ‘ಛೀ’ ಎಂದು ಮುಗಿಸಿದರೆ ಅವರು ಬೇರೆ ಕಡೆ ಉತ್ತರ ಹುಡುಕುತ್ತಾರೆ.

ಈ ಪ್ರಶ್ನೆ ನನ್ನ ಮನೆಗೇ ಬಂದಿತ್ತು. ನಾಲ್ಕು ವರ್ಷದ ಹಿಂದೆ ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ. ಬಾಡಿಗೆ ರೂಮು, ನಾಲ್ವರು ಹುಡುಗರು, ಒಂದು ಸಣ್ಣ ಪೊಟ್ಟಣ. ಕೇಸಾಯಿತು. ಅಕ್ಕ ಫೋನಿನಲ್ಲಿ ‘ತಮ್ಮಾ, ಏನರ ಮಾಡೋ’ ಎಂದು ಅತ್ತಳು. ಆಗ ನನಗೆ ಮೊದಲು ಬಂದದ್ದು ಹುಡುಗನ ಯೋಚನೆಯಲ್ಲ, ಮನೆತನದ ಮರ್ಯಾದೆಯ ಯೋಚನೆ. ಎರಡು ದಿನ ನಾನು ಆ ಊರಿಗೆ ಹೋಗಲಿಲ್ಲ. ಇದನ್ನು ನಿಮ್ಮ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಯಾರೋ ಹೇಳಿದರೆಂದು ತಪ್ಪೊಪ್ಪಿಕೊಂಡು ದಂಡ ಕಟ್ಟಿಸಿದೆವು. ಬೇಗ ಮುಗಿಯಿತೆಂದು ನಾನೂ ಸಮಾಧಾನಪಟ್ಟೆ. 1985ರ ಮಾದಕ ವಸ್ತು ಕಾಯ್ದೆಯಲ್ಲಿ 64ಎ ಎಂಬ ಕಲಮು ಇದೆ. ತಾನು ಸೇವಿಸಿದ್ದಕ್ಕೋ, ಅಲ್ಪ ಪ್ರಮಾಣ ಇಟ್ಟುಕೊಂಡದ್ದಕ್ಕೋ ಸಿಕ್ಕ ವ್ಯಸನಿ ತಾನಾಗಿ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ ಎಂದು ಅದು ಹೇಳುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು, ಅಷ್ಟೇ. ಈ ಮಾತನ್ನು ಹುಡುಗನಿಗೆ ಯಾರೂ ಹೇಳಲಿಲ್ಲ. ಜೀವಮಾನವೆಲ್ಲ ನಿಯಮಾವಳಿ ಓದಿದ ನಾನೂ ಈ ಕಾಯ್ದೆಯನ್ನು ತೆರೆದು ನೋಡಿರಲಿಲ್ಲ. ಆಮೇಲೆ ಬಂದ ಕೆಲಸ ಪೊಲೀಸ್ ಪರಿಶೀಲನೆಯಲ್ಲಿ ಹೋಯಿತು. ಸೇದುವುದು ಇನ್ನೂ ಹೆಚ್ಚಾಯಿತು. ಕೊನೆಗೆ ಅವನ ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ದವಳು ಅಕ್ಕ, ನಾನಲ್ಲ. ಈಗ ಬಿಟ್ಟು ಹದಿನಾಲ್ಕು ತಿಂಗಳಾಯಿತು.

ಹಾಗಾದರೆ ನಾನು ಗಾಂಜಾ ಅಂಗಡಿ ತೆರೆಯಿರಿ ಎನ್ನುವವನೇ? ಅಲ್ಲ.

ಶಿವನೇ ಸೇದುತ್ತಾನಲ್ಲ ಎಂದು ಕೆಲವರು ಹೇಳುತ್ತಾರೆ. ಆ ಶಿವ ಪುರಾಣದ ಕೈಲಾಸದವನು. ಬಸವಣ್ಣನವರು ನಮ್ಮ ಕೈಗೆ ಕೊಟ್ಟ ಇಷ್ಟಲಿಂಗಕ್ಕೆ ಚಿಲುಮೆಯ ಹಂಗಿಲ್ಲ. ಎಚ್ಚರ ತಪ್ಪಿದ ಕಣ್ಣಿಗೆ ಲಿಂಗದೃಷ್ಟಿ ನಿಲ್ಲುವುದೂ ಇಲ್ಲ. ನಮ್ಮ ಕಲ್ಯಾಣ ಕರ್ನಾಟಕದ ಕೆಲವು ಕಡೆ ಜಾತ್ರೆಗಳಲ್ಲಿ ಗಾಂಜಾವನ್ನೇ ಪ್ರಸಾದವೆಂದು ಕೊಡುವ ವಾಡಿಕೆ ಇದೆ, ಪತ್ರಿಕೆಗಳಲ್ಲೂ ಬಂದಿದೆ. ಆ ಭಕ್ತರನ್ನು ಹಳಿಯಲು ನಾನು ಬಂದಿಲ್ಲ. ಆದರೆ ಅಷ್ಟಾವರಣದಲ್ಲಿ ನಾವು ಪ್ರಸಾದ ಎನ್ನುವುದು ಕಾಯಕದಿಂದ ಬಂದು, ಅರ್ಪಿತವಾಗಿ, ಹಂಚಿಕೊಂಡದ್ದು. ಅದರ ಹೆಸರನ್ನು ಅಮಲಿಗೆ ಇಡಬಾರದು.

ಕಾನೂನಿನ ಅಂಗಡಿ ಬೇಡ ಎನ್ನಲು ನನಗೆ ಇನ್ನೊಂದು ಕಾರಣವೂ ಇದೆ. ನಾನು ಕೃಷ್ಣಾ ಮೇಲ್ದಂಡೆ ಕಾಲುವೆ ಕೆಲಸದಲ್ಲಿದ್ದಾಗ ಸಂತೆ ದಿನ ಬಟವಾಡೆ. ಸಂಜೆಗೆ ಅರ್ಧ ಕೂಲಿ ಪ್ಯಾಕೆಟ್ ಸಾರಾಯಿಗೆ ಹೋಗುತ್ತಿತ್ತು. ಹೆಣ್ಣುಮಕ್ಕಳು ಮಸ್ಟರ್ ರೋಲ್ ಹಿಡಿದವನ ಹತ್ತಿರ ಬಂದು ‘ಅವನ ಕೈಯಾಗ ಕೊಡಬ್ಯಾಡ್ರಿ ಸಾಹೇಬ್ರ’ ಎಂದು ಬೇಡುತ್ತಿದ್ದರು. ನಿಯಮದಲ್ಲಿ ಅದಕ್ಕೆ ದಾರಿ ಇರಲಿಲ್ಲ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಒಳ್ಳೆಯದಾಯಿತು ಎಂದುಕೊಂಡೆವು. ಪ್ಯಾಕೆಟ್ ಹೋಯಿತು, ಅದೇ ಕೂಲಿಕಾರ ಅದಕ್ಕಿಂತ ಹೆಚ್ಚು ದುಡ್ಡು ಕೊಟ್ಟು ಅಗ್ಗದ ವಿಸ್ಕಿ ಕೊಳ್ಳತೊಡಗಿದ. ಮದ್ಯದ ಸಗಟು ವಿತರಣೆ ಸರ್ಕಾರದ ನಿಗಮದ್ದೇ. ಅಬಕಾರಿಯಿಂದ ವರ್ಷಕ್ಕೆ ಸಾವಿರಾರು ಕೋಟಿ ಬರುತ್ತದೆ. ಮುಂದಿನ ವರ್ಷಕ್ಕೆ ಇನ್ನಷ್ಟು ಗುರಿ ಇಡುತ್ತಾರೆ. ಗುರಿ ಮುಟ್ಟಬೇಕಾದ ಇಲಾಖೆ ಹೇಗೆ ಯೋಚಿಸುತ್ತದೆ ಎಂದು ಇಲಾಖೆಯಲ್ಲಿದ್ದವನಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಗಾಂಜಾವನ್ನೂ ಅದೇ ಪುಸ್ತಕದಲ್ಲಿ ಬರೆದುಕೊಂಡರೆ, ಜನ ಬಿಡಬೇಕೆಂದು ಬಯಸುವ ಸರ್ಕಾರ ಉಳಿಯುವುದಿಲ್ಲ.

2019ರಲ್ಲಿ ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ಸಮೀಕ್ಷೆ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಶೇ. 14.6, ಭಂಗಿ-ಗಾಂಜಾ ಸೇವಿಸುವವರು ಶೇ. 2.8. ಅಂಗಡಿ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಅಷ್ಟೂ ಕಾನೂನಿನಿಂದಲೇ ಬಂತೆಂದು ನಾನು ವಾದಿಸುವುದಿಲ್ಲ. ಆದರೆ ಸುಲಭವಾಗಿ ಸಿಗುವುದನ್ನು ಹೆಚ್ಚು ಜನ ಹಿಡಿಯುತ್ತಾರೆ ಎಂಬುದು ಹಳ್ಳಿಯ ಅಜ್ಜಿಗೂ ಗೊತ್ತು.

ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆಯಿತು. ಬೀದಿಬೀದಿಯಲ್ಲಿ ಅಂಗಡಿ ಎದ್ದವು. ಮೂರೇ ವರ್ಷಕ್ಕೆ, 2025ರಲ್ಲಿ, ವೈದ್ಯರ ಚೀಟಿ ಬೇಕೇ ಬೇಕು ಎಂದು ಹಿಂದೆ ಸರಿಯಿತು. ಪೋರ್ಚುಗಲ್ 2001ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಮಾರುವವನು ಇಂದಿಗೂ ಅಪರಾಧಿಯೇ. ಹತ್ತು ದಿನದ ಬಳಕೆಯಷ್ಟು ಇಟ್ಟುಕೊಂಡವನನ್ನು ಮಾತ್ರ ಜೈಲಿಗೆ ಕಳಿಸದೆ ಒಂದು ಸಮಿತಿಯ ಮುಂದೆ ಕೂಡಿಸುತ್ತಾರೆ. ಬೇಕಾದರೆ ಚಿಕಿತ್ಸೆಗೆ ಕಳಿಸುತ್ತಾರೆ. ಅಮೆರಿಕದ ಆರೆಗಾನ್ ರಾಜ್ಯ ಅದನ್ನೇ ನೋಡಿ ಶಿಕ್ಷೆ ತೆಗೆಯಿತು, ಚಿಕಿತ್ಸೆಯ ವ್ಯವಸ್ಥೆ ಸಕಾಲಕ್ಕೆ ಕಟ್ಟಲಿಲ್ಲ. 2024ರಲ್ಲಿ ಮತ್ತೆ ಶಿಕ್ಷೆ ತಂದಿತು. ಕೆರೆಗೆ ಏರಿಯೂ ಬೇಕು, ಕೋಡಿಯೂ ಬೇಕು. ಏರಿ ಒಡೆದು ಅದನ್ನೇ ಕೋಡಿ ಎಂದರೆ ಕೆರೆ ಉಳಿಯುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಮಾರಾಟಕ್ಕೆ ಪರವಾನಗಿ ಬೇಡ. ಮೊದಲ ಸಲ ಸಿಕ್ಕ ಹುಡುಗನ ಹೆಸರು ಅಪರಾಧಿಗಳ ಕಡತಕ್ಕೂ ಬೇಡ. 64ಎ ಕಲಮನ್ನು ಠಾಣೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಒಂದು ಡಬ್ಬಿ ಬಣ್ಣ ಸಾಕು.

ಶರಣರಲ್ಲಿ ಹೆಂಡದ ಮಾರಯ್ಯನವರಿದ್ದರು. ಹೆಂಡ ಮಾರುವುದೇ ಅವರ ಕಾಯಕ. ಕುಡಿಯಲು ಬಂದವರಿಗೇ ತಿಳಿಹೇಳಿ ಕುಡಿತ ಬಿಡಿಸುತ್ತಿದ್ದರೆಂದು ಹೇಳುತ್ತಾರೆ. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನ ಬರೆದರು. ಅನುಭವ ಮಂಟಪ ಅವರನ್ನು ಹೊರಗೆ ನಿಲ್ಲಿಸಲಿಲ್ಲ. ನಮ್ಮ ಕಾಲದಲ್ಲಿ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. ದುಡ್ಡು ಬೇಡಲಿಲ್ಲ, ಧಾನ್ಯ ಬೇಡಲಿಲ್ಲ. ನಿಮ್ಮ ಚಟ ಹಾಕಿರಿ ಎಂದರು. ಅವರು ಹುಟ್ಟಿದ ಆಗಸ್ಟ್ 1ನ್ನೇ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಆ ಜೋಳಿಗೆಗೆ ಬೀಡಿ ಕಟ್ಟು, ಗುಟ್ಕಾ ಚೀಟಿ ಹಾಕಿದವರ ಹೆಸರನ್ನು ಯಾರೂ ರಿಜಿಸ್ಟರಿನಲ್ಲಿ ಬರೆದುಕೊಳ್ಳಲಿಲ್ಲ.

ಪೂಜ್ಯರಲ್ಲಿ ಒಂದು ಬಿನ್ನಹ. ತಿಂಗಳಿಗೊಂದು ಸಂಜೆ ಮಠದ ಹಿಂದಿನ ಕೋಣೆ ಬಿಟ್ಟುಕೊಡಬೇಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕರೆಸುವ ಹೊಣೆ ನನ್ನದು. ಬಂದವರ ಹೆಸರು, ಮನೆತನ ಕೇಳುವುದಿಲ್ಲ. ಅಲ್ಲಿಯವರೆಗೆ ಕಾಯಲಾಗದವರು 14446ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಉಚಿತ ಸಹಾಯವಾಣಿ. ಮೊದಲ ಸಂಜೆ ಬಾಗಿಲ ಹತ್ತಿರ ತಾನೇ ಕೂಡುತ್ತೇನೆಂದು ನನ್ನ ಸೋದರಳಿಯ ಹೇಳಿದ್ದಾನೆ.

ಪ್ರಶ್ನೆಗಳಿದ್ದರೆ ಕೇಳಿರಿ.